ಸಾಲಾಗಿ ಇಟ್ಟ ಚಪ್ಪಲಿಗಳು

ಸ್ತೋರೈ,

ಠಾಣೆಯಿಂದ ಕರೆ ಬಂತು. ಅಪ್ಪನ ಜೊತೆ ಹೋಗುತ್ತಿದ್ದೇನೆ. ನಿನ್ನೆ ಪಾಠದ ಹೊತ್ತಿಗೆ ಬಾಗಿಲಿಗೆ ಬಂದ ತಾಲಿಬಾನಿನವನಿಗೆ ಇದು ಕಸೂತಿ ತರಗತಿ ಎಂದೆ. ಅವನು ನಕ್ಕು ಕೇಳಿದ್ದು ನಿನಗೆ ಕೇಳಿಸಿರಲಿಕ್ಕಿಲ್ಲ: "ಕಸೂತಿ ಕಲಿಯೋ ಹುಡುಗೀರು ಚಪ್ಪಲಿನ ಹೀಗೆ ಸಾಲಾಗಿ ಇಡ್ತಾರಾ? ನಮ್ಮ ಮದರಸಾದಲ್ಲೂ ಇಷ್ಟು ಶಿಸ್ತಿಲ್ಲವಲ್ಲ!"

ಒಪ್ಪವಾಗಿ ಜೋಡಿಸಬೇಡ ಎಂದು ಎಷ್ಟು ಸಲ ಹೇಳಿದ್ದೆ! ಶಾಲೆ ಮುಚ್ಚಿ ಮೂರು ವರ್ಷವಾದರೂ ನಿನಗೆ ಆ ಅಭ್ಯಾಸ ಹೋಗಲಿಲ್ಲ.

ಹತ್ತಕ್ಕೆ ಹುಡುಗಿಯರು ಬರುತ್ತಾರೆ. ಒಬ್ಬೊಬ್ಬಳನ್ನೇ ಬೇರೆ ಬೇರೆ ಗಲ್ಲಿಯಿಂದ ವಾಪಸು ಕಳಿಸು. ಕಪ್ಪು ಹಲಗೆಯನ್ನು ಹಾಸಿಗೆಗಳ ಹಿಂದೆ ತಳ್ಳು. ಹೆಸರುಗಳಿರುವ ನೋಟುಪುಸ್ತಕವನ್ನು ತಂದೂರಿ ಒಲೆಗೆ ಹಾಕು, ಓದುತ್ತಾ ಕೂರಬೇಡ. ನಿನ್ನ ಗಣಿತದ ಪುಸ್ತಕ ಹಿಟ್ಟಿನ ಡಬ್ಬಿಯಲ್ಲಿದೆ. ಅದನ್ನು ಮಾತ್ರ ಸುಡಬೇಡ.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಅಜ್ಜಿಗೆ ಏನೂ ಹೇಳಬೇಡ. ಅಮ್ಮನ ಹಳೇ ಚಪ್ಪಲಿ ಮೆಟ್ಟಿಕೊಂಡು, ನನ್ನದನ್ನು ಬಾಗಿಲಲ್ಲೇ ಬಿಟ್ಟಿದ್ದೇನೆ. ಕಣ್ಣು ಕಾಣದ ಅಜ್ಜಿ ದಿನವೂ ಅದನ್ನು ಕೈಯಿಂದ ತಡವಿ, ನಾನು ಮನೆಯಲ್ಲಿದ್ದೇನೆಂದು ತಿಳಿಯುತ್ತಾಳಲ್ಲ. ಕತ್ತಲಾದರೂ ನಾನು ಬಾರದಿದ್ದರೆ ಅದನ್ನು ಜೋಡಿಸಿ ಇಡಬೇಡ ಕಣೇ. ನಾನು ಯಾವಾಗಲೂ ಬಿಡುವ ಹಾಗೆ ಓರೆಯಾಗೇ ಬಿದ್ದಿರಲಿ.

ಈ ಚೀಟಿಯನ್ನೂ ಒಲೆಗೆ ಹಾಕು.

ನಿನ್ನ ಅಕ್ಕ ನೀಲಾಬ್