ವಿಳಾಸವಿಲ್ಲದ ಒಂಬತ್ತು ಗಂಟು

ಮನೆಯಿಂದ,
ಭಾನುವಾರ, ನವೆಂಬರ್ ೧೨

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೈ ಮೇಲಿನ ಸುಟ್ಟ ಗಾಯ ಮಾಯಿತಾ? ಹೋದ ಸಲ ಕೇಳಿದಾಗ ‘ಏನಿಲ್ಲ ಬಿಡೇ, ಎಣ್ಣೆ ಹಾರಿತು ಅಷ್ಟೆ’ ಅಂತ ತೇಲಿಸಿಬಿಟ್ಟೆ. ನೀನು ಏನಿಲ್ಲ ಅಂದರೆ ಏನೋ ಇದೆ ಅಂತಲೇ ಅರ್ಥ, ಚಿಕ್ಕಂದಿನಿಂದ ನೋಡಿದ್ದೇನೆ. ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವನು ತಾನು ಹೊತ್ತಿಗೆ ಸರಿಯಾಗಿ ತಿನ್ನುತ್ತಾನೋ ಇಲ್ಲವೋ ಅನ್ನುವುದು ಅಮ್ಮನ ನಿತ್ಯದ ಕೊರಗು. ಅವಳ ಮಂಡಿ ನೋವು ಇದ್ದ ಹಾಗೇ ಇದೆ, ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ನಾನು ಚೆನ್ನಾಗಿದ್ದೇನೆ. ನಿಮ್ಮ ಹಡಗು ಬಂದರಿನ ಹೊರಗೆ ಸರತಿಗೆ ಕಾಯುತ್ತಾ ನಿಂತಿದೆ, ಕಾಗದ ಕೊಟ್ಟರೆ ಒಳಗೆ ಬಂದ ದಿನ ಕೈಗೆ ತಲುಪಿಸುತ್ತೇವೆ ಅಂತ ಹಡಗಿನ ಕಂಪನಿಯವರು ಹೇಳಿದರು. ನಡುನೀರಿನಿಂದ ನೀನು ಮಾಡುವ ಎರಡು ನಿಮಿಷದ ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯಲು ಕೂತೆ.

ಅಣ್ಣಾ, ನಮ್ಮ ಅಂಗಡಿ ಮುಚ್ಚಿಹೋಯಿತು. ಸುತ್ತಿ ಬಳಸಿ ಹೇಳೋಣ ಅಂದುಕೊಂಡಿದ್ದೆ, ಆಗಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅಮ್ಮ ಅವರ ಅಂಗಿಗಳನ್ನೆಲ್ಲ ಕತ್ತರಿಸಿ ಕೌದಿ ಹೊಲಿದಳಲ್ಲ, ಅದರ ಫೋಟೋ ತೆಗೆದು, ನಿನ್ನ ಹೆಸರಲ್ಲಿ ಅಂಗಡಿ ತೆರೆದು, ಆ ಆ್ಯಪ್‌ನಲ್ಲಿ ಹಾಕಿದವನು ನೀನೇ. ‘ಸತ್ತವರ ಬಟ್ಟೆ ಕಳಿಸಿ ಕೌದಿ ಹೊಲಿಸಿಕೊಳ್ಳುವ ಹುಚ್ಚರು ಯಾರಿರುತ್ತಾರೋ’ ಅಂತ ಅಮ್ಮ ನಕ್ಕಿದ್ದಳು. ಎಂಟನೇ ದಿನಕ್ಕೆ ಮೊದಲ ಗಂಟು ಬಂತು, ಯಾರೋ ಅಜ್ಜಿಯ ಆರು ಸೀರೆ. ಅವತ್ತಿನಿಂದ ಏಳು ವರ್ಷ ನಮ್ಮ ಮುಂದಿನ ಕೋಣೆ ಖಾಲಿ ಇದ್ದದ್ದೇ ಇಲ್ಲ. ಗಂಟಿನ ಜೊತೆ ಜನ ಚೀಟಿ ಇಡುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ, ಅಮ್ಮ ಕೈಯಲ್ಲಿ ಬಟ್ಟೆ ಸವರುತ್ತಾ ಕೇಳುತ್ತಿದ್ದಳು. ‘ಈ ಜೇಬು ಬಿಚ್ಚಬೇಡ, ಹಾಗೇ ಇರಲಿ, ಕೈ ಇಟ್ಟು ನೋಡಿಕೊಳ್ಳಲಿ ಪಾಪ’ ಅನ್ನುವಳು. ಹೊಲಿಯುವುದು ಎಲ್ಲರಿಗೂ ಬರುತ್ತೆ, ಯಾವುದನ್ನು ಕತ್ತರಿಸಬಾರದು ಅನ್ನುವುದು ಅಮ್ಮನಿಗೆ ಮಾತ್ರ ಗೊತ್ತಿತ್ತು.

ನೀನು ಹೋದ ಸಲ ಹಡಗು ಹತ್ತಿದ ಮೇಲೆ ಆ್ಯಪ್ ಕಂಪನಿಯವರ ನಿಯಮ ಒಂದೊಂದೇ ಬದಲಾಯಿತು. ಮೊದಲು ಗಿರಾಕಿಗಳ ವಿಳಾಸ, ಫೋನ್ ನಂಬರ್ ನಮಗೆ ಕಾಣದ ಹಾಗೆ ಮಾಡಿದರು. ಪಾರ್ಸಲ್ ಮೇಲೆ ಬರೀ ಕಪ್ಪು ಗೆರೆಗಳ ಗುರುತು. ಬರುವ ಗಂಟಿನ ಮೇಲೂ ಅದೇ, ನಾವು ಕಳಿಸುವುದರ ಮೇಲೂ ಅದೇ, ಕೊರಿಯರ್‌ನವನ ಯಂತ್ರಕ್ಕೆ ಮಾತ್ರ ಅರ್ಥವಾಗುತ್ತೆ. ಯಾರೋ ಮೋಸಗಾರರು ಜನರ ನಂಬರ್ ಮಾರಿಕೊಂಡರಂತೆ, ಅದಕ್ಕೆ. ಸರಿ ಅಂದುಕೊಂಡೆವು. ಆಮೇಲೆ ಹಳೇ ಬಟ್ಟೆ ಬಂದರೆ ಕಡ್ಡಾಯವಾಗಿ ತೊಳೆದು, ತೊಳೆಯುವ ಫೋಟೋ ಹಾಕಬೇಕು ಅಂದರು. ಅದಕ್ಕೂ ತಲೆ ಬಗ್ಗಿಸಿದೆವು. ಕೊನೆಗೆ ಅಕ್ಟೋಬರ್‌ನಲ್ಲಿ ಬಂದದ್ದು ಇದು: ಅಂಗಡಿ ಯಾರ ಹೆಸರಲ್ಲಿದೆಯೋ ಅವರೇ ಹದಿನೈದು ದಿನದೊಳಗೆ ಕ್ಯಾಮೆರಾ ಮುಂದೆ ಮುಖ ತೋರಿಸಬೇಕು, ಅವರದೇ ಫೋನಿಗೆ ಬಂದ ನಂಬರ್ ಒತ್ತಬೇಕು. ಇಲ್ಲದಿದ್ದರೆ ಅಂಗಡಿ ಬಂದ್. ಅಂಗಡಿ ನಿನ್ನ ಹೆಸರಲ್ಲಿ, ನೀನು ನೀರಿನ ಮೇಲೆ. ನಾವು ಕಣ್ಣು ಬಿಡುವಷ್ಟರಲ್ಲಿ ನಿನ್ನ ಹಡಗು ಹೊರಟಾಗಿತ್ತು.

ಅಕ್ಟೋಬರ್ ಹದಿನೆಂಟನೇ ತಾರೀಕು ಬೆಳಿಗ್ಗೆ ಅಮ್ಮನೇ ಫೋನ್ ಹಿಡಿದು ಬಂದಳು, ‘ಇದೇನೇ, ನಮ್ಮ ಅಂಗಡಿಯೆಲ್ಲ ಬೂದಿ ಬಣ್ಣ ಆಗಿದೆ’ ಅಂತ. ತಾನೇ ಏನೋ ಒತ್ತಿ ಕೆಡಿಸಿಬಿಟ್ಟೆ ಅಂತ ಅವತ್ತೆಲ್ಲ ಒದ್ದಾಡಿದಳು. ಅದಿರಲಿ. ಅಂಗಡಿ ಹೋದದ್ದಕ್ಕಿಂತ ಹೆಚ್ಚಾಗಿ ನಮ್ಮನ್ನು ಹಿಂಡಿದ್ದು ಮನೆಯಲ್ಲಿದ್ದ ಒಂಬತ್ತು ಗಂಟು. ಎರಡು ಹೊಲಿದು ಮುಗಿದಿದ್ದವು, ಮೂರು ಅರ್ಧ ಆಗಿದ್ದವು, ನಾಲ್ಕನ್ನು ಬಿಚ್ಚಿಯೇ ಇರಲಿಲ್ಲ. ಒಂಬತ್ತು ಜನ ಸತ್ತವರ ಬಟ್ಟೆ ಮನೆಯಲ್ಲಿ ಮಣೆ ಹಾಕಿಕೊಂಡು ಕೂತಿದೆ, ಯಾರಿಗೆ ಸೇರಬೇಕು ಅಂತ ಒಂದಕ್ಕೂ ವಿಳಾಸವಿಲ್ಲ. ಎಲ್ಲ ಆ ಮುಚ್ಚಿದ ಖಾತೆಯೊಳಗೆ. ಕಂಪನಿಯವರು ಅವರೆಲ್ಲರಿಗೂ ತಾವೇ ದುಡ್ಡು ವಾಪಸ್ ಮಾಡಿ ‘ಮಾರಾಟಗಾರರು ನಿಮ್ಮ ಆರ್ಡರ್ ಪೂರೈಸಲಿಲ್ಲ’ ಅಂತ ಕಳಿಸಿಬಿಟ್ಟರಂತೆ. ಅಲ್ಲಿಗೆ ಅವರ ಲೆಕ್ಕ ಮುಗಿಯಿತು.

ಅಂಗಡಿ ಮುಚ್ಚಿದರೂ ಜನ ಬರೆಯುವ ಅಭಿಪ್ರಾಯದ ಪುಟ ಮುಚ್ಚಿರಲಿಲ್ಲ ನೋಡು. ಪಕ್ಕದ ಮನೆ ನರ್ಸಮ್ಮ ತನ್ನ ಫೋನಿನಲ್ಲಿ ತೋರಿಸಿದಳು. ಒಬ್ಬರು ಕಳ್ಳರು ಅಂದಿದ್ದರು. ಒಬ್ಬರು, ಹೆಣದ ಮೇಲಿನ ಬಟ್ಟೆಯನ್ನೂ ಬಿಡದವರು ಅಂದಿದ್ದರು. ಅದನ್ನಾದರೂ ನುಂಗಿಕೊಂಡೆ. ಒಬ್ಬ ತಾಯಿ ಹೀಗೆ ಬರೆದಿದ್ದಳು: ‘ದುಡ್ಡು ಬಂದಿದೆ, ನನಗೆ ಬೇಡ. ನನ್ನ ಮಗಳ ಶಾಲೆ ಬಟ್ಟೆ ವಾಪಸ್ ಕೊಡಿ. ನಿಮಗೆ ಅದರಿಂದ ಏನೂ ಉಪಯೋಗವಿಲ್ಲ.’ ಆ ಬಟ್ಟೆ ಮೂರು ಮಾರು ದೂರದಲ್ಲಿ, ಹೊಲಿದು ಮಡಿಸಿ ಇಟ್ಟದ್ದು, ನನ್ನ ಕಣ್ಣ ಮುಂದೆ ಇತ್ತಣ್ಣ. ಉತ್ತರ ಬರೆಯಲು ನನಗೆ ದಾರಿಯಿರಲಿಲ್ಲ. ನರ್ಸಮ್ಮನ ಫೋನಿನಿಂದ ‘ಬಟ್ಟೆ ನಮ್ಮ ಹತ್ತಿರ ಜೋಪಾನವಾಗಿದೆ’ ಅಂತ ಹಾಕಿದೆ. ಕೊಂಡವರು ಮಾತ್ರ ಬರೆಯಬಹುದು ಅಂತ ಹತ್ತು ನಿಮಿಷದಲ್ಲಿ ಅಳಿಸಿಹಾಕಿದರು.

ಕಂಪನಿಯ ಸಹಾಯದ ನಂಬರಿಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಅನ್ನುವುದು ಎಷ್ಟು ಬಾಯಿಪಾಠ ಆಯಿತೆಂದರೆ, ಮೊನ್ನೆ ಕೈಜಾರಿ ಅಮ್ಮನ ಲೋಟ ಒಡೆದಾಗ ನನ್ನ ಬಾಯಲ್ಲಿ ಅದೇ ಬಂತು. ಒಂದು ಸಲ ಸಿಕ್ಕ ಹುಡುಗಿ ಮಾತ್ರ ನಾನು ಹೇಳಿದ್ದನ್ನೆಲ್ಲ ಕೊನೆವರೆಗೆ ಕೇಳಿಸಿಕೊಂಡಳು. ಆಮೇಲೆ ದನಿ ತಗ್ಗಿಸಿ, ‘ಅಕ್ಕಾ, ನನ್ನ ಪರದೆ ಮೇಲೂ ಅವರ ವಿಳಾಸ ಕಾಣಲ್ಲ. ಕಂಡಿದ್ದರೆ ಕೆಲಸ ಹೋದರೂ ಹೋಗಲಿ ಅಂತ ಹೇಳಿಬಿಡುತ್ತಿದ್ದೆ. ನಮ್ಮಜ್ಜಿ ಹೋಗಿ ಇನ್ನೂ ವರ್ಷ ಆಗಿಲ್ಲ’ ಅಂದಳು. ಅವರ ದೊಡ್ಡ ಆಫೀಸಿಗೂ ಹೋಗಿದ್ದೆ, ಒಂಬತ್ತು ಗಂಟನ್ನೂ ಆಟೋದಲ್ಲಿ ಹೇರಿಕೊಂಡು. ಅಲ್ಲೇ ಒಪ್ಪಿಸಿಬಿಟ್ಟರೆ ಅವರಾದರೂ ಕಳಿಸಿಕೊಡುತ್ತಾರೆ ಅಂತ ನನ್ನ ದಡ್ಡ ಆಸೆ. ಮಾರಾಟಗಾರರ ವಸ್ತು ನಾವು ಮುಟ್ಟುವ ಹಾಗಿಲ್ಲ ಅಂದರು. ಮುಚ್ಚಿದ ಖಾತೆ ಮತ್ತೆ ತೆರೆಯುವುದಿಲ್ಲವಂತೆ, ನೀನು ಬಂದು ನಿಂತರೂ ಅಷ್ಟೆ. ಕಾವಲಿನ ತಾತ ಗಂಟುಗಳನ್ನು ಮತ್ತೆ ಆಟೋಗೆ ಏರಿಸಿಕೊಟ್ಟರು. ಒಳಗೇನಿದೆ ಅಂತ ಕೇಳಿದರು, ಹೇಳಿದೆ. ಅವರು ಚಪ್ಪಲಿ ಬಿಟ್ಟು ಆಮೇಲೆ ಎತ್ತಿದರು.

ಮನೆಗೆ ಬಂದ ಮೇಲೆ ಅಮ್ಮ, ‘ಹಾಗಾದರೆ ಬಟ್ಟೆಯನ್ನೇ ಕೇಳೋಣ ಬಾ’ ಅಂದಳು. ಚೀಟಿಗಳಲ್ಲಿ ಊರು, ಹೆಸರು ಯಾರೂ ಬರೆದಿರಲಿಲ್ಲ; ಒಂದೊಂದೇ ಬಿಚ್ಚಿ, ಜೇಬು, ಕಾಲರು, ಮಡಿಕೆ ಎಲ್ಲ ತಡಕಾಡಿದೆವು. ಒಂದು ಕೋಟಿನ ಕತ್ತಿನಲ್ಲಿ ದರ್ಜಿ ಅಂಗಡಿಯ ಹೆಸರು ಸಿಕ್ಕಿತು. ಆ ದರ್ಜಿ ಅಳತೆ ಪುಸ್ತಕ ಎಸೆಯದ ಪುಣ್ಯಾತ್ಮ, ಹುಡುಕಿಕೊಟ್ಟ. ಇನ್ನೊಂದು ಅಂಗಿಯ ಜೇಬಿನಲ್ಲಿ ಕನ್ನಡಕದ ಅಂಗಡಿ ರಸೀದಿ. ಇನ್ನೊಂದು ಬಸ್ ಕಂಡಕ್ಟರರ ಖಾಕಿ, ಎದೆಯ ಮೇಲೆ ನಂಬರ್ ಇತ್ತು, ಡಿಪೋದಲ್ಲಿ ಹೇಳಿದರು. ಅವರ ಹೆಂಡತಿ ಬಾಗಿಲಲ್ಲೇ ನಿಂತು ನನ್ನನ್ನು ಕಳ್ಳಿ ಅಂದು, ಗಂಟು ಬಿಚ್ಚಿ ನೋಡಿ, ಒಳಗೆ ಕರೆದು ಕೂರಿಸಿ ಅತ್ತರು.

ಶಾಲೆ ಬಟ್ಟೆಯ ಮೇಲೆ ಶಾಲೆಯ ಗುರುತಿತ್ತು. ಎರಡು ಬಸ್ ಬದಲಾಯಿಸಿ ಹೋದೆ. ಹೆಡ್‌ಮಿಸ್ ಆ ತಾಯಿಗೆ ಫೋನ್ ಮಾಡಿದರು, ಅವಳು ಕೆಲಸದ ನಡುವೆಯೇ ಓಡಿ ಬಂದಳು, ಕೈಯಲ್ಲಿ ಇನ್ನೂ ಹಿಟ್ಟಿತ್ತು. ಬೇಕರಿಯಲ್ಲಿ ಕೆಲಸವಂತೆ. ಕೈ ಒರೆಸಿಕೊಂಡು ಕೌದಿ ತೆಗೆದುಕೊಂಡಳು. ಅಮ್ಮ ಎಷ್ಟು ಚೆನ್ನಾಗಿ ಹೊಲಿದಿದ್ದಳೆಂದರೆ, ಇಂಕಿನ ಕಲೆಯನ್ನೂ ಬಿಡದೆ ನಟ್ಟನಡುವೆ ಬರುವ ಹಾಗೆ ಕೂರಿಸಿದ್ದಳು. ಆ ತಾಯಿ ಅದನ್ನು ನೋಡಲೇ ಇಲ್ಲ. ಮುಖ ಹುದುಗಿಸಿ ಉಸಿರೆಳೆದುಕೊಂಡಳು, ಮತ್ತೆ ಬೇರೆ ಮೂಲೆ ಹಿಡಿದು ಉಸಿರೆಳೆದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, ‘ತೊಳೆದುಬಿಟ್ಟಿರಾ?’

ತೊಳೆಯಬೇಡಿ ಅಂತ ಚೀಟಿಯಲ್ಲಿ ಬರೆದಿದ್ದಳಣ್ಣ. ಅಮ್ಮ ಒಂದು ದಿನವಿಡೀ ಬಕೆಟ್ ಮುಂದೆ ಕೂತು, ಫೋಟೋ ಹಾಕದಿದ್ದರೆ ಆರ್ಡರೇ ರದ್ದಾಗುತ್ತೆ ಅಂತ ಕೊನೆಗೆ ಸೋಪು ಮುಟ್ಟಿಸದೆ ಬರೀ ನೀರಲ್ಲಿ ಅದ್ದಿ ತೆಗೆದಿದ್ದಳು. ನಿಯಮದ ಮಾತು ಎತ್ತದೆ, ‘ಹೌದಮ್ಮ, ತಪ್ಪಾಯಿತು’ ಅಂದೆ. ಅವಳು ಬೈಯಲಿಲ್ಲ. ‘ಇರಲಿ ಬಿಡಿ, ಅಷ್ಟು ದೂರದಿಂದ ತಂದಿರಲ್ಲ’ ಅಂದು, ನನಗೆ ವಾಪಸ್ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ತೋರಿಸಿಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕು ಗಂಟು ಅವರವರ ಮನೆ ಸೇರಿದವು. ಐದು ಉಳಿದಿವೆ, ಅವುಗಳಲ್ಲಿ ಯಾವ ಗುರುತೂ ಇಲ್ಲ. ಒಂದರಲ್ಲಿ ಹಸುಗೂಸಿನ ಟೊಪ್ಪಿ ಎರಡೇ ಎರಡು, ಬೇರೇನೂ ಇಲ್ಲ. ಅಮ್ಮ ಐದನ್ನೂ ಅಪ್ಪನ ಟ್ರಂಕಿನಲ್ಲಿ ಇಟ್ಟಿದ್ದಾಳೆ, ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತಾಳೆ. ನಾನು ಹೋದ ಸೋಮವಾರದಿಂದ ಆಸ್ಪತ್ರೆಯ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದೇನೆ. ದಿನವೆಲ್ಲ ಬಿಳಿ ಹಾಸಿಗೆ ಹೊದಿಕೆ, ನೆಟ್ಟಗೆ ಅಂಚು ಹೊಡೆಯುವುದು. ಯಾರದು ಅಂತ ಯೋಚಿಸುವ ಹಾಗಿಲ್ಲ, ಒಂದು ರೀತಿಯಲ್ಲಿ ಹಗುರ. ನೀನು ನಮ್ಮ ಚಿಂತೆ ಹಚ್ಚಿಕೊಂಡು ಒಲೆ ಮುಂದೆ ಮೈಮರೆಯಬೇಡ. ನೀನು ದಾದಾ ಅಂತ ಕರೆಯುವ ಇಂಜಿನ್ ಕೋಣೆಯವರಿಗೆ ನನ್ನ ನಮಸ್ಕಾರ ಹೇಳು. ಅಮ್ಮನ ಆಶೀರ್ವಾದ ನಿನ್ನ ತಲೆ ಮೇಲೆ ಸದಾ ಇದೆ. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ತಂಗಿ,
ಸೂಜಿಮಲ್ಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಾವು ಕಣ್ಣು ಬಿಡುವಷ್ಟರಲ್ಲಿ ಹಡಗು ಹೊರಟಿತ್ತು ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನೋಟಿಸ್ ಬಂದ ಮಂಗಳವಾರವೇ ನಾನು ನೋಡಿದ್ದೆ. ನೀನಿನ್ನೂ ಬಂದರಿನಲ್ಲೇ ಇದ್ದೆ, ಬುಧವಾರ ಫೋನ್ ಮಾಡಿ ಅಡುಗೆಮನೆಯೆಲ್ಲ ತೋರಿಸಿದೆ. ಹೇಳಿದ್ದರೆ ಅಲ್ಲೇ ಐದು ನಿಮಿಷದ ಕೆಲಸ. ಹೇಳಲಿಲ್ಲ. ಏಳು ವರ್ಷ ಹೊಲಿದವರು ನಾವು, ಹೆಸರು ಮಾತ್ರ ನಿನ್ನದು ಅನ್ನುವುದು ಒಳಗೊಳಗೇ ಚುಚ್ಚುತ್ತಿತ್ತು. ಇದೇ ಸಮಯ, ನನ್ನ ಹೆಸರಿಗೆ ಮಾಡಿಸಿಕೊಳ್ಳೋಣ ಅಂತ ಗುಟ್ಟಾಗಿ ಅರ್ಜಿ ಹಾಕಿದೆ. ಆಗುವುದಿಲ್ಲ ಅಂತ ಭಾನುವಾರ ಉತ್ತರ ಬಂತು, ನೀನು ಶನಿವಾರ ಹೊರಟಿದ್ದೆ. ಅಮ್ಮ ತಾನೇ ಒತ್ತಿ ಕೆಡಿಸಿದೆ ಅಂದಾಗ ನಾನು ಸುಮ್ಮನಿದ್ದೆ. ಇವತ್ತಿಗೂ ಅವಳು ಫೋನ್ ಮುಟ್ಟುವುದಿಲ್ಲ, ಅದು ಹೊಡೆದುಕೊಂಡರೆ ದೂರ ನಿಂತು ನನ್ನನ್ನು ಕೂಗುತ್ತಾಳೆ. ಈ ಕಾಗದ ಹಡಗಿನ ಕಂಪನಿಯವರಿಗೆ ಕೊಟ್ಟು ಬಂದು ಅವಳಿಗೆ ಹೇಳುತ್ತೇನೆ. ನಿನಗೆ ಬರೆದು ಕಳಿಸಿಬಿಟ್ಟರೆ ಆಮೇಲೆ ಹಿಂಜರಿಯಲು ಆಗಲ್ಲ ಅಂತ ಮೊದಲು ಬರೆದೆ. ನೀನು ಫೋನ್ ಮಾಡಿದಾಗ ನನ್ನನ್ನು ಎಷ್ಟು ಬೇಕಾದರೂ ಬೈಯಿ. ಮೊದಲು ಅಮ್ಮನನ್ನು ಫೋನಿಗೆ ಕರೆ.