ಬೆರಳಿಗೆ ಗೊತ್ತಾಗದ ನೀರು

ಮಾರ್ಚ್ 3

ಮತ್ತೆ ಅದೇ ಕನಸು. ಫಿಲ್ಮ್ ಗಾಜಿನಿಂದ ಬಿಡುತ್ತಿಲ್ಲ. ಎಳೆದರೆ ಅಂಗೈಗೆ ಅಂಟಿತು. ಉಜ್ಜಿದೆ — ಅದರ ಜೊತೆ ಕೈಯ ಗೆರೆಗಳೂ ಎದ್ದು ಬಂದವು. ನೋವಿಲ್ಲ. ನೋವಿಲ್ಲದ್ದಕ್ಕೇ ಹೆದರಿಕೆ. ಎದ್ದು ಲೈಟ್ ಹಾಕಿ ನೋಡಿದೆ. ಗೆರೆ ಇದ್ದಲ್ಲೇ ಇವೆ.

ಲ್ಯಾಬಿನಲ್ಲಿ ಇವತ್ತು ಹಾಕಿದ ಫಿಲ್ಮೆಲ್ಲ ಹರಿದುಹೋಯಿತು. ಫಿಲ್ಮ್ ಅಂದರೆ ಸೋಪಿನ ಗುಳ್ಳೆಯಷ್ಟು ತೆಳು ಪ್ಲಾಸ್ಟಿಕ್ ಪೊರೆ. ಗಾಜಿನ ಪಟ್ಟಿಯನ್ನು ಓರೆಯಾಗಿ ಮುಳುಗಿಸಬೇಕು, ಪೊರೆ ಬಿಟ್ಟುಕೊಂಡು ನೀರಿನ ಮೇಲೆ ತೇಲಬೇಕು. ನನ್ನ ಕೆಲಸ ಅಷ್ಟೇ. ಆಮೇಲೆ ಕನ್ನಡಕದ ಹುಡುಗಿ — ಥೀಸಿಸ್ ಬರೆಯುವವಳು — ನಡುವೆ ಒಂದು ಹನಿ ಬಿಡುತ್ತಾಳೆ. ಹನಿಯ ಸುತ್ತ ಸುಕ್ಕುಗಳು ಏಳುತ್ತವೆ. ಫೋಟೋ ಹೊಡೆದು ಎಣಿಸುತ್ತಾಳೆ.

ಗಾಜು ನೀರು ಮುಟ್ಟಿದಾಗ ಸಣ್ಣ ಸೆಳೆತ ಇರುತ್ತದೆ. ಬೆರಳಿಗೆ ತಿಳಿಯುತ್ತಿತ್ತು. ಈಗ ಇಲ್ಲ...

"ಏನಣ್ಣಾ, ಇವತ್ತು ನೀರು ನಿಮ್ಮ ಮೇಲೆ ಮುನಿಸ್ಕೊಂಡಿದೆ?" ಅಂದಳು.

ಫ್ಯಾನ್ ಗಾಳಿ ಅಂದೆ. ಪಾಪ, ಫ್ಯಾನ್ ಆರಿಸಿ ಬೆವರುತ್ತಾ ಕೂತಳು. ನನ್ನದು ಕುಣಿಯಲಾರದವಳಿಗೆ ನೆಲ ಡೊಂಕು ಅನ್ನೋ ಕಥೆ.

ಮಾರ್ಚ್ 4

ಟೀ ಲೋಟ ಹಿಡಿದೇ ಇದ್ದೆ. ಅಕ್ಕ ಕಿರುಚಿದ ಮೇಲೆ ಗೊತ್ತಾಯಿತು ಸುಡುತ್ತಿತ್ತು ಅಂತ. ಬೊಬ್ಬೆ ಎದ್ದಿದೆ. ಅವಳು ಹೊಲಿಗೆ ಮಶೀನ್ ಬಿಟ್ಟು ಎದ್ದು ಬಂದು ಮುಲಾಮು ಹಚ್ಚಿದಳು. ಹಚ್ಚಿದ್ದೂ ತಿಳಿಯಲಿಲ್ಲ. ಹೇಳಲಿಲ್ಲ.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಲ್ಯಾಬಿನ ಮೇಡಂ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇ ಈ ಕೈ ನೋಡಿ. ಇದೂ ಹೋದರೆ?

ಮಾರ್ಚ್ 11

ಒಂದು ಉಪಾಯ. ನೀರಲ್ಲಿ ಟ್ಯೂಬ್‌ಲೈಟ್ ಕಾಣುತ್ತದಲ್ಲ, ಗಾಜು ಮುಟ್ಟಿದ ತಕ್ಷಣ ಅದು ಬಾಗುತ್ತದೆ. ಬೆರಳು ಬೇಡ, ಕಣ್ಣು ಸಾಕು. ಎರಡು ಫಿಲ್ಮ್ ಚೆನ್ನಾಗಿ ತೇಲಿದವು. ಮೂರನೆಯದು ನಡುವೆ ಮಡಚಿಕೊಂಡಿತು.

"ಎಳೆದ್ರೆ ಸರಿಹೋಗಲ್ವಾ?" ಅಂದೆ.

"ಸುಕ್ಕಾದ್ರೆ ಹೋಗತ್ತೆ ಅಣ್ಣಾ. ಮಡಿಕೆ ಬಿದ್ರೆ ಮುಗೀತು."

ಅಷ್ಟರಲ್ಲಿ ಮೇಡಂ ಬಂದರು. "ಎಲ್ಲಿ, ಕೈ ತೋರಿಸಿ. ಇಷ್ಟು ಸುಟ್ಟಿದೆ, ಗೊತ್ತಾಗ್ಲಿಲ್ವೇನ್ರೀ?"

"ಗೊತ್ತಾಯ್ತು ಮೇಡಂ."

ಮುಖ ನೋಡಿದರು. ನಂಬಲಿಲ್ಲ. "ಡಾಕ್ಟರ್ ಹೇಳೋ ತನಕ ಗಾಜು ಮುಟ್ಬೇಡಿ. ಪ್ಲಾಸ್ಟಿಕ್ ಕರಗಿಸೋ ಆ ಟಾಲೂಯಿನ್ ಬಾಟಲಿ ಹತ್ರಾನೂ ಹೋಗ್ಬೇಡಿ, ಅದರ ಹಬೆ ನರಕ್ಕೆ ಒಳ್ಳೇದಲ್ಲ."

ಮಾರ್ಚ್ 12

ಹುಡುಗಿ ತಾನೇ ತೇಲಿಸಿದಳು. ಮೊದಲೆರಡು ಹಾಳು. ಆಮೇಲಿನದು ಕೂತಿತು — ಸುಕ್ಕುಗಳು ಒಂದೇ ಸಮ. "ಅಣ್ಣಾ ನೋಡಿ, ನೋಡಿ!" ಅಂದಳು. ನೋಡಿದೆ. ಹೊಟ್ಟೆಕಿಚ್ಚು ಆಗಬೇಕಿತ್ತು. ಆಗಲಿಲ್ಲ. ಸಂತೋಷವೂ ಇಲ್ಲ. ಟ್ರೇ ತೊಳೆದಿಟ್ಟು ಬಂದೆ.

ಮಾರ್ಚ್ 19

ಡಾಕ್ಟರ್ ನೋಡಿದರು. ನರದ ತೊಂದರೆ ಇರಬಹುದು. ಟಾಲೂಯಿನ್‌ನಿಂದಲೋ, ಸಕ್ಕರೆ ಕಾಯಿಲೆಯೋ — ಟೆಸ್ಟ್ ಆಗದೆ ಹೇಳಲಾರರಂತೆ. ವಾಪಸ್ ಬರುತ್ತದಾ ಅಂದೆ. "ಎಷ್ಟು ಬೆರಳಿಗೆ ಹರಡಿದೆ ಅನ್ನೋದರ ಮೇಲೆ" ಅಂದರು. ಉಂಗುರದ ಬೆರಳು, ಕಿರುಬೆರಳು ಚೆನ್ನಾಗಿವೆ ಅಂತ ಹೇಳಿ ಬಂದೆ. ದಾರಿಯುದ್ದಕ್ಕೂ ಅನುಮಾನ.

ಮನೆಗೆ ಬಂದು ಅಕ್ಕನಿಗೆ ಹೊಲಿಗೆ ಸೂಜಿ ತರಲು ಹೇಳಿದೆ. ಆ ಎರಡು ಬೆರಳಲ್ಲಿ ಒಂದಕ್ಕೆ ಚುಚ್ಚು, ಯಾವುದು ಅಂತ ಹೇಳುತ್ತೇನೆ ಅಂದು ಕಣ್ಣು ಮುಚ್ಚಿದೆ.

"ಕದ್ದು ನೋಡ್ಬೇಡ್ವೋ ಕಳ್ಳ. ಈಗ?"

"ಕಿರುಬೆರಳು."

"ಹ್ಞೂಂ."

ಉಳಿದದ್ದು ಉಂಗುರದ ಬೆರಳು. ಕಾದೆ.

"ಚುಚ್ಚೇ ಬೇಗ" ಅಂದೆ.

ಸೂಜಿ ಕೆಳಗಿಟ್ಟ ಸದ್ದು. ಆಮೇಲೆ ಅವಳು ಮೂಗೆಳೆದದ್ದು ಕೇಳಿಸಿತು. ಕಣ್ಣು ತೆರೆಯಲಿಲ್ಲ.

"ಅಕ್ಕಾ, ಉಂಗುರದ ಬೆರಳು... ಇನ್ನೊಂದ್ಸಲ ನೋಡೇ —"