ಚಾರ್ಜಿಗಿಟ್ಟ ಬ್ಯಾಟರಿ, ಶ್ರಾವಣದ ದೀಪ

೧೧-೮-೨೦೨೫, ಮಸಗುಪ್ಪಿ. ಶ್ರಾವಣ ಸೋಮವಾರ, ಉಪವಾಸ. ಎಮ್ಮೆಗೆ ಹಿಂಡಿ ಇಟ್ಟು ದೇವರ ಕೋಣೆಗೆ ಹೋದರೆ, ನಂದಾದೀಪದ ಬಾಜೂಕೇ ನಮ್ಮ ಯಜಮಾನರು ಸುರುವಾಗದ ಕಾರಿನ ಬ್ಯಾಟರಿ ಚಾರ್ಜಿಗಿಟ್ಟಿದ್ದರು. ದೇವರ ಮುಂದಾದರೆ ಮೊಮ್ಮಕ್ಕಳು ಮುಟ್ಟುವುದಿಲ್ಲವಂತೆ.

ಅಷ್ಟರಲ್ಲಿ ಕಾರು ನೋಡಲು ಘಟಪ್ರಭಾದ ಮೆಕ್ಯಾನಿಕ್ ದಾದೇಸಾಬ ಬಂದ. ಹೊಸ್ತಿಲಲ್ಲೇ ನಿಂತು, "ಅವ್ವಾರ, ಮೊದಲ ದೀಪಾ ಆರಿಸ್ರಿ! ಚಾರ್ಜ್ ಆಗೂಮುಂದ ಬ್ಯಾಟರಿಯಿಂದ ಗ್ಯಾಸ್ ಬರತೈತಿ, ಬೆಂಕಿ ತಾಗಿದ್ರ ಸಿಡೀತೈತಿ" ಎಂದ.

"ದೇವರ ದೀಪದಿಂದ ಏನಾಗತೈತೋ?" ಎಂದು ಇವರು ನಕ್ಕರು.

"ಗ್ಯಾಸಿಗೆ ದೇವರ ದೀಪಾನೂ ಒಂದ, ನಿಮ್ಮ ಬೀಡೀನೂ ಒಂದ ರಿ ಕಾಕಾ."

ತಿಂಗಳಿಡೀ ಉರಿಸುತ್ತೇನೆಂದು ಹರಕೆ ಹೊತ್ತ ದೀಪವನ್ನು ನನ್ನ ಕೈಯಾರೆ ಶಾಂತ ಮಾಡಿದೆ. ಅವನು ಸ್ವಿಚ್ ಬಂದ್ ಮಾಡಿ, ಆಮೇಲೆ ವಾಯರ್ ಬಿಚ್ಚಿ, ಬ್ಯಾಟರಿಯನ್ನು ಗಾಳಿಯಾಡುವ ಹೊರಗಿನ ಕಟ್ಟೆಗೆ ಒಯ್ದ.

ದೀಪ ಇನ್ನೂ ಹಚ್ಚಿಲ್ಲ. ಹರಕೆ ಮುರಿಯಿತೇ, ಮತ್ತೆ ಹಚ್ಚಬಹುದೇ ಎಂದು ಮಠದ ಸ್ವಾಮಿ ಅಜ್ಜಾರಿಗೆ ಚೀಟಿ ಕಳಿಸಿದ್ದೇನೆ. ಕಾರು ಸುರುವಾಗಲಿ ಬಿಡಲಿ, ನಾಳೆ ಇವರೇ ನಡೆದುಹೋಗಿ ಉತ್ತರ ತಂದುಕೊಡಲಿ.